ಒಂದು ವಾರದ ಹೆಜ್ಜೆ

ನನ್ನ ಸಾಹೇಬರನ್ನು ನಾನು ಕ್ಷಮಿಸಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಎಂದಿನಂತೆ ಅಡುಗೆ ಮಾಡಿದೆ, ಎರಡು ಹೊತ್ತೂ ಹೊಟ್ಟೆ ತುಂಬ ಉಂಡೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದು ಕೂತಿದ್ದೇನೆ. ಹಾಗೆ ಬರೆದರೆ ನನಗೆ ಅನುಕೂಲವಲ್ಲದ ಸಂಗತಿಗಳೂ ಒಂದೆರಡು ಬರುತ್ತವೆ. ಬರಲಿ.

ಐವತ್ತರ ದಶಕದ ಮೊದಲರ್ಧ. ಆಗ ನಮ್ಮ ಧಾರವಾಡವೂ ಮುಂಬೈ ರಾಜ್ಯದಲ್ಲೇ ಇತ್ತು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದವಳು ಅಣ್ಣನ ಹಿಂದೆ ಪರೇಲಿಗೆ ಬಂದೆ. ಅಣ್ಣ ಮಿಲ್ಲೊಂದರ ಆಫೀಸಿನಲ್ಲಿ ಕ್ಲಾರ್ಕ್. ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೇ ಖೋಲಿ. ಅದರಲ್ಲಿ ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು, ಐದನೆಯವಳಾಗಿ ನಾನು. ಮದುವೆ ಮಾತು ಬರುವ ಮೊದಲು ಒಂದು ನೌಕರಿ ಹಿಡಿಯಬೇಕೆಂಬ ಹಟ ನನಗಿತ್ತು. ಬೈಕುಲ್ಲಾದಲ್ಲಿ ಧಾನ್ಯದ ವ್ಯಾಪಾರಿಗಳ ಒಂದು ಸಂಘ ನಡೆಸುತ್ತಿದ್ದ ಸಣ್ಣ ಪ್ರಯೋಗಶಾಲೆಯಲ್ಲಿ ಲೆಕ್ಕ ಮಾಡುವವರು ಬೇಕಾಗಿದ್ದಾರೆ ಎಂದು ಅಣ್ಣನಿಗೆ ಯಾರೋ ಹೇಳಿದರು. ಹೋದೆ, ಅದೇ ದಿನ ಸೇರಿಸಿಕೊಂಡರು. ಆ ಪ್ರಯೋಗಶಾಲೆ ಈಗ ಇಲ್ಲ. ಅದಿದ್ದ ಕಲ್ಲಿನ ಕಟ್ಟಡವೂ ಇಲ್ಲ.

ಕೆಳಗೆ ಉಗ್ರಾಣ, ಮೇಲೆ ನಾವು. ಮೆಟ್ಟಿಲು ಹತ್ತುವಾಗಲೇ ಜೋಳದ, ಗೋಣಿಯ, ಇಲಿಯ ವಾಸನೆ. ಉಗ್ರಾಣದ ಕಾಳಿಗೆ ಬೀಳುವ ಸೊಂಡಿಲಿನ ಕಪ್ಪು ಹುಳ ಪ್ರಯೋಗಶಾಲೆಯ ಮುಖ್ಯಸ್ಥರಾದ ನಮ್ಮ ಸಾಹೇಬರ ಅಭ್ಯಾಸದ ವಿಷಯ. ಆ ಹುಳಕ್ಕೆ ಒಂದು ವೈರಿ ಇದೆ, ಇರುವೆಗಿಂತ ಸಣ್ಣ ಕಣಜ. ಕಾಳಿನೊಳಗೆ ಬೆಳೆಯುತ್ತಿರುವ ಹುಳದ ಮರಿಯನ್ನು ಹುಡುಕಿ ಅದರ ಮೇಲೆ ಮೊಟ್ಟೆ ಇಡುತ್ತದೆ; ಕಣಜದ ಮರಿ ಹುಳದ ಮರಿಯನ್ನು ತಿಂದು ಹೊರಬರುತ್ತದೆ. ಈ ಕಣಜವನ್ನು ಬೆಳೆಸಿ ಉಗ್ರಾಣಗಳಲ್ಲಿ ಬಿಟ್ಟರೆ ಹುಳ ಕಡಿಮೆಯಾದೀತೇ ಎಂಬುದು ಸಂಘದವರ ಪ್ರಶ್ನೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ತೆಳು ಬಟ್ಟೆ ಕಟ್ಟಿದ ಗಾಜಿನ ಭರಣಿಗಳು, ಒಂದೊಂದರಲ್ಲೂ ಜೋಳ, ಹುಳ, ಕಣಜ. ಭರಣಿಗಳನ್ನು ನೋಡಿಕೊಳ್ಳುತ್ತಿದ್ದವರು ಜತ್ತ ಕಡೆಯ ಒಬ್ಬ ಮುದುಕರು. ಮೊದಲು ಮಿಲ್ಲಿನಲ್ಲಿದ್ದು, ಎದೆ ಕೆಟ್ಟು ಬಿಟ್ಟು ಬಂದವರು. ವಾರಕ್ಕೊಮ್ಮೆ ಎಣಿಸಿ ನನಗೆ ಹೇಳುತ್ತಿದ್ದರು. ಹುಳವನ್ನು "ಕರಿಯವು" ಎನ್ನುತ್ತಿದ್ದರು, ಕಣಜವನ್ನು "ರೆಕ್ಕಿಯವು".

ಸಾಹೇಬರು ಬೆಳಗಾವಿಯವರು. ಕನ್ನಡದವಳೆಂದು ಮೊದಮೊದಲು ನನ್ನೊಡನೆ ಚೆನ್ನಾಗಿಯೇ ಇದ್ದರು. ಸಮೀಕರಣಗಳನ್ನು ನನಗೆ ಕಲಿಸಿದವರು ಅವರೇ, ಅದನ್ನು ಮುಚ್ಚಿಡುವುದಿಲ್ಲ. ಹುಳ ಇಷ್ಟಿದ್ದರೆ ಮರಿ ಎಷ್ಟು. ಹುಳಕ್ಕೂ ಕಣಜಕ್ಕೂ ಇಷ್ಟು ಸಲ ಭೇಟಿಯಾದರೆ ಹುಳ ಎಷ್ಟು ಸಾಯುತ್ತದೆ, ಕಣಜ ಎಷ್ಟು ಹುಟ್ಟುತ್ತದೆ. ಹುಳ ಸಿಗದೆ ಹೋದರೆ ಕಣಜ ಎಷ್ಟು ಸಾಯುತ್ತದೆ. ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಬಹುದು. ಇವತ್ತಿನ ಸಂಖ್ಯೆ ಗೊತ್ತಿದ್ದರೆ ಮುಂದಿನದನ್ನು ಲೆಕ್ಕ ಹಾಕಬಹುದು, ಅದರಿಂದ ಅದರ ಮುಂದಿನದನ್ನು. ನನ್ನ ಮೇಜಿನ ಮೇಲೆ ಹಿಡಿಕೆ ತಿರುಗಿಸುವ ಒಂದು ಲೆಕ್ಕದ ಮಷೀನು ಇತ್ತು. ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ, ಬಂದ ಸಂಖ್ಯೆಗಳನ್ನು ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಡುವುದು ನನ್ನ ಕೆಲಸ. ಹುಳ ಹೆಚ್ಚುತ್ತದೆ, ಅದರ ಹಿಂದೆ ಕಣಜ ಹೆಚ್ಚುತ್ತದೆ, ಆಗ ಹುಳ ಇಳಿಯುತ್ತದೆ, ಹಸಿವಿನಿಂದ ಕಣಜ ಇಳಿಯುತ್ತದೆ, ಮತ್ತೆ ಹುಳ. ಚುಕ್ಕೆಗಳು ಸುತ್ತು ಹಾಕುತ್ತ ಬರುವುದನ್ನು ನೋಡುವಾಗ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಎರಡನೆಯ ವರ್ಷ ಆ ಸಮೀಕರಣಗಳಲ್ಲಿ ನನಗೆ ಒಂದು ವಿಚಿತ್ರ ಕಂಡಿತು. ಉಗ್ರಾಣದಲ್ಲಿ ಔಷಧ ಸಿಂಪಡಿಸಿ ಹುಳವನ್ನೂ ಕಣಜವನ್ನೂ ಒಟ್ಟಿಗೆ ಕೊಲ್ಲುತ್ತ ಹೋದರೆ, ಬಹುಕಾಲದ ಸರಾಸರಿಯಲ್ಲಿ ಹುಳ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ಕಡಿಮೆಯಾಗುವುದು ಕಣಜ. ಮೂರು ಸಲ ಸರಿನೋಡಿದೆ. ನಾಲ್ಕು ಪುಟ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಹೊರದೇಶದ ಗಣಿತಜ್ಞರೊಬ್ಬರು ಎಷ್ಟೋ ವರ್ಷಗಳ ಹಿಂದೆಯೇ ಇದನ್ನು ಕಂಡಿದ್ದರೆಂದು ಆಮೇಲೆ ತಿಳಿಯಿತು. ಆಗ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.

ಸಂಘದ ವಾರ್ಷಿಕ ವರದಿಯಲ್ಲಿ ನನ್ನ ನಾಲ್ಕು ಪುಟ ಅಚ್ಚಾಗಿ ಬಂತು. ವಾಕ್ಯಗಳೂ ನನ್ನವೇ. ಹೆಸರು ಮಾತ್ರ ಸಾಹೇಬರದು. ವರದಿ ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ಸರ್, ಇದು ನಾ ಬರದದ್ದಲ್ರೀ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬರದವರು ನೀವ. ಬರಸಿದವರು ಯಾರು? ಸಮೀಕರಣ ಯಾರು ಕಲಿಸಿದ್ರು?"

"ಕಲಿಸಿದವರು ನೀವ ರೀ. ಆದ್ರ ಈ ಮಾತು..."

"ನೋಡ್ರಿ, ನಿಮ್ಮ ಕೈ ಛಲೋ ಅದ. ಮಷೀನ ತಪ್ಪಿಲ್ಲದ ತಿರುಗಸ್ತೀರಿ. ಕೈ ತಿರುಗಸ್ರಿ. ತಲಿ ತಿರುಗಸೂದು ನನಗ ಬಿಡ್ರಿ."

ಎದುರಿಗೆ ಸಂಘದ ಕಾರ್ಯದರ್ಶಿ ಕೂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಸಾಹೇಬರು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. ಇಬ್ಬರೂ ನಕ್ಕರು.

ಆ ವರದಿಯಿಂದ ಸಾಹೇಬರ ಹೆಸರು ಮೇಲೆ ಬಂತು. ದಿಲ್ಲಿಯಿಂದ ಪತ್ರ ಬಂತು, ಮರುವರ್ಷ ಒಂದು ದೊಡ್ಡ ಸಭೆ ಕರೆಯುವುದೆಂದಾಯಿತು. ಆ ಸಭೆಗೆ ಅವರೊಂದು ಹೊಸ ಪ್ರಶ್ನೆ ಆರಿಸಿಕೊಂಡರು. ಹುಳ ಮತ್ತು ಕಣಜ ಕೊನೆಗೆ ಏನಾಗುತ್ತವೆ? ಹತ್ತು ವಾರದ ಮಾತಲ್ಲ; ನೂರು ವಾರ, ಇನ್ನೂರು ವಾರ ಕಳೆದ ಮೇಲೆ? ಸುತ್ತು ಸುತ್ತುತ್ತಲೇ ಇರುತ್ತವೆಯೋ, ಒಂದು ಕಡೆ ನಿಲ್ಲುತ್ತವೆಯೋ, ಇಲ್ಲ ಅಳಿಯುತ್ತವೆಯೋ? ಭರಣಿಗಳಲ್ಲಂತೂ ಅಳಿಯುತ್ತಿದ್ದವು. ಎರಡು ಮೂರು ಸುತ್ತು ಏರಿಳಿದು, ಕಣಜ ಹುಳವನ್ನೆಲ್ಲ ಮುಗಿಸಿ, ತಾನೂ ಉಪವಾಸ ಸಾಯುತ್ತಿತ್ತು. ಸಮೀಕರಣವೂ ಅದನ್ನೇ ಹೇಳುತ್ತದೆಯೇ ನೋಡಬೇಕು.

"ವಾರದ ಹೆಜ್ಜಿ ಹಾಕ್ರಿ," ಎಂದರು. ಅಂದರೆ ಇವತ್ತಿನ ಸಂಖ್ಯೆಯಿಂದ ನೇರವಾಗಿ ಮುಂದಿನ ವಾರದ ಸಂಖ್ಯೆಗೆ ಹಾರುವುದು. ದಿನದ ಹೆಜ್ಜೆ ಹಾಕಿದರೆ ಏಳು ಪಟ್ಟು ಕೆಲಸ.

ಹಾಕಿದೆ. ಚುಕ್ಕೆಗಳು ಸುತ್ತು ಬಂದವು, ಆದರೆ ಹೊರಟ ಜಾಗಕ್ಕೆ ಬರಲಿಲ್ಲ. ಸ್ವಲ್ಪ ಹೊರಗೆ ಬಂದವು. ಎರಡನೆಯ ಸುತ್ತು ಇನ್ನಷ್ಟು ಹೊರಗೆ. ನಾಲ್ಕನೆಯ ಸುತ್ತಿನಲ್ಲಿ ಕಣಜದ ಸಂಖ್ಯೆ ಒಂದಕ್ಕಿಂತ ಕೆಳಗೆ ಇಳಿಯಿತು. ಅರ್ಧ ಕಣಜ ಇರುವುದಿಲ್ಲವಲ್ಲ, ಅಂದರೆ ಅಳಿಯಿತು. ಸಾಹೇಬರು ಗ್ರಾಫ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಭರಣಿಯಲ್ಲಿ ಕಂಡದ್ದು, ಕಾಗದದ ಮೇಲೆ ಬಂದದ್ದು, ಎರಡೂ ಒಂದೇ!

ನನಗೆ ಯಾಕೋ ಅನುಮಾನ. ವಾರದ ಹೆಜ್ಜೆ ಉದ್ದವಾಯಿತೇನೋ ಎನಿಸಿತು. ಎರಡು ದಿನ ಬಿಟ್ಟು ಕೇಳಿದೆ. "ಸರ್, ಒಂದ ಸಲ ದಿನದ ಹೆಜ್ಜಿ ಹಾಕಿ ನೋಡ್ಲೇನ್ರಿ?"

ಅವರು ಒಂದು ಚೀಟಿ ಎಳೆದುಕೊಂಡು ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು: ಹೆಜ್ಜೆ ಒಂದು ವಾರವೇ ಇರಬೇಕು, ಚಿಕ್ಕದು ಮಾಡಿ ಸಮಯ ಹಾಳು ಮಾಡಕೂಡದು. ಕೆಳಗೆ ಸಹಿ, ತಾರೀಖು. ಚೀಟಿಯನ್ನು ನನ್ನ ಕಡೆ ತಳ್ಳಿ, "ಇದನ್ನ ಮಷೀನಿಗೆ ಅಂಟಿಸ್ಕೋರಿ," ಎಂದರು.

ಆ ತಿಂಗಳೇ ಒಂದು ಕಾಯಂ ಹುದ್ದೆ ತೆರವಾಯಿತು. ಸಂಶೋಧನಾ ಸಹಾಯಕರದು. ನಾನೂ ಅರ್ಜಿ ಹಾಕಿದೆ. ಒಂದು ಮಧ್ಯಾಹ್ನ ಸಾಹೇಬರು ಫೈಲಿನ ಕಟ್ಟೊಂದನ್ನು ಫೋರ್ಟ್ ಬಡಾವಣೆಯಲ್ಲಿದ್ದ ಸಂಘದ ಮುಖ್ಯ ಕಚೇರಿಗೆ ಮುಟ್ಟಿಸಿ ಬರಲು ನನ್ನನ್ನೇ ಕಳಿಸಿದರು. ಬೈಕುಲ್ಲಾದಿಂದ ಟ್ರಾಮು ಹತ್ತಿ ಮೇಲಿನ ಅಂತಸ್ತಿನಲ್ಲಿ ಕೂತೆ. ಕಟ್ಟಿನ ಲಾಡಿ ಸಡಿಲಾಗಿತ್ತು. ಮೇಲಿನ ಫೈಲಿನ ಮೇಲೆ ನನ್ನ ಹೆಸರು. ಓದಬಾರದಿತ್ತು, ಓದಿದೆ. ನನ್ನ ಬಗ್ಗೆ ಅವರು ಬರೆದದ್ದು ಎರಡೇ ವಾಕ್ಯ: ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ. ಸ್ವಂತವಾಗಿ ಯೋಚಿಸುವ ಶಕ್ತಿ ಇಲ್ಲ.

ಟ್ರಾಮು ಎಲ್ಲೆಲ್ಲಿ ನಿಂತಿತೋ ನನಗೆ ನೆನಪಿಲ್ಲ. ಮುಂದಿನ ಸೀಟಿನಲ್ಲಿ ಒಬ್ಬಾಕೆ ಹುರಿದ ಕಡಲೆ ತಿನ್ನುತ್ತ ಸಿಪ್ಪೆಯನ್ನು ಗಾಳಿಗೆ ಬಿಡುತ್ತಿದ್ದದ್ದು ನೆನಪಿದೆ. ಸಿಪ್ಪೆ ನನ್ನ ಸೀರೆಯ ಮೇಲೆ ಬೀಳುತ್ತಿತ್ತು, ನಾನು ಕೊಡವಲಿಲ್ಲ. ನನ್ನ ನಾಲ್ಕು ಪುಟ ಕದ್ದ ಮನುಷ್ಯ, ಕದ್ದ ಕೈಯಲ್ಲೇ ಇದನ್ನೂ ಬರೆದಿದ್ದ. ಫೋರ್ಟಿನಲ್ಲಿ ಇಳಿಯುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಇವರು ನನ್ನ ಬಗ್ಗೆ ಬರೆದದ್ದನ್ನು ಅಕ್ಷರಶಃ ಪಾಲಿಸುತ್ತೇನೆ. ಹೇಳಿದ್ದನ್ನು ಮಾಡುತ್ತೇನೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ.

ಹುದ್ದೆ ಬೇರೆಯವರಿಗೆ ಹೋಯಿತು. ನಾನು ಏನೂ ಆಗದವಳಂತೆ ಮಷೀನು ತಿರುಗಿಸಿದೆ. ಆದರೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾಹೇಬರು ಉಡುಪಿ ಹೋಟೆಲಿಗೆ ಹೋದ ಮೇಲೆ ಡಬ್ಬಿಯನ್ನು ಐದು ನಿಮಿಷದಲ್ಲಿ ಮುಗಿಸಿ ನನ್ನ ಲೆಕ್ಕಕ್ಕೆ ಕೂರುತ್ತಿದ್ದೆ. ಒಂದೇ ಒಂದು ಸುತ್ತು, ದಿನದ ಹೆಜ್ಜೆಯಲ್ಲಿ. ಅದು ಮುಗಿದ ಮೇಲೆ ಅದೇ ಸುತ್ತು, ಅರ್ಧ ದಿನದ ಹೆಜ್ಜೆಯಲ್ಲಿ. ಮೂರು ತಿಂಗಳು ಹಿಡಿಯಿತು. ಬಲಗೈ ಬೆರಳಿನ ಬುಡದಲ್ಲಿ ಜಡ್ಡು ಕಟ್ಟಿತು.

ಅನುಮಾನ ನಿಜವಾಗಿತ್ತು. ದಿನದ ಹೆಜ್ಜೆಯಲ್ಲಿ ಸುತ್ತು ಹೆಚ್ಚುಕಡಿಮೆ ಹೊರಟಲ್ಲಿಗೇ ಬಂತು. ಸಣ್ಣ ಅಂತರ ಉಳಿಯಿತು. ಅರ್ಧ ದಿನದ ಹೆಜ್ಜೆಯಲ್ಲಿ ಆ ಅಂತರವೂ ಅರ್ಧವಾಯಿತು. ಹೆಜ್ಜೆ ಚಿಕ್ಕದಾದಷ್ಟೂ ಅಂತರ ಚಿಕ್ಕದು. ಅಂದರೆ ಅಂತರ ಹುಟ್ಟುತ್ತಿದ್ದುದು ನಮ್ಮ ಹೆಜ್ಜೆಯಿಂದ. ಹುಳದಿಂದಲೂ ಅಲ್ಲ, ಕಣಜದಿಂದಲೂ ಅಲ್ಲ. ಸಮೀಕರಣದ ಪ್ರಕಾರ ಎರಡೂ ಎಂದೆಂದಿಗೂ ಒಂದೇ ಸುತ್ತಿನಲ್ಲಿ ತಿರುಗುತ್ತಿರಬೇಕು, ಯಾವುದೂ ಅಳಿಯುವುದಿಲ್ಲ. ಸಾಹೇಬರ ದೊಡ್ಡ ಶೋಧ ಬರೀ ಲೆಕ್ಕದ ದೋಷ.

ಆ ಭಾನುವಾರ ಅಣ್ಣನಿಗೆ ಹೇಳಿದೆ. ಅವನು ಚಾಳಿನ ಪಡಸಾಲೆಯಲ್ಲಿ ಕೂತು ದಾಡಿ ಮಾಡಿಕೊಳ್ಳುತ್ತಿದ್ದ.

"ನಮ್ಮ ಮನಿ ದುಂಡನ ಬಾವಿ ನೆನಪದ ಇಲ್ಲೊ? ಕಣ್ಣು ಕಟ್ಟಿಕೊಂಡು ಅದನ್ನ ಸುತ್ತಬೇಕು ಅಂತ ತಿಳಕೊ. ಇಪ್ಪತ್ತು ಹೆಜ್ಜಿಗೊಮ್ಮೆ ಕಣ್ಣು ಬಿಚ್ಚಿ ದಿಕ್ಕು ನೋಡಕೋತಿ, ಮತ್ತ ಇಪ್ಪತ್ತು ಹೆಜ್ಜಿ ನೆಟ್ಟಗ. ಏನಾಗ್ತದ?"

"ಬಾವಿ ಬಿಟ್ಟು ದೂರ ದೂರ ಹೋಗ್ತೀನಿ."

"ಹೆಜ್ಜಿಗೊಮ್ಮೆ ಕಣ್ಣು ಬಿಚ್ಚಿದ್ರ?"

"ಬಾವಿ ಸುತ್ತನ ಇರ್ತೀನಿ." ಅವನು ಕತ್ತಿ ಕೆಳಗಿಟ್ಟ. "ಹಂಗಾದ್ರ ಅವರ ಲೆಕ್ಕ ತಪ್ಪು. ನಾಳೆನ ಹೋಗಿ ಹೇಳಿಬಿಡು. ಸಭಾ ಹತ್ರ ಬಂತಲ್ಲ."

"ಹೇಳೂದಿಲ್ಲ."

"ಯಾಕ?"

"ನನಗ ಸ್ವಂತ ಯೋಚನಿ ಮಾಡೂ ಶಕ್ತಿ ಇಲ್ಲ. ಫೈಲಿನಾಗ ಬರದದ."

ಅಣ್ಣ, "ಇದು ಛಲೋ ಅಲ್ಲ, ತಂಗಿ," ಎಂದ. ಮತ್ತೆ ಕತ್ತಿ ಎತ್ತಿಕೊಂಡ. ಒಳಗಿನಿಂದ ವೈನಿ ಮಾತ್ರ, "ಮಾಡಲಿ ಬಿಡ್ರಿ, ಅವರಿಗೂ ಸ್ವಲ್ಪ ಗೊತ್ತಾಗಲಿ," ಎಂದಳು. ಆ ವಿಷಯದಲ್ಲಿ ನನ್ನ ಪಕ್ಷ ವಹಿಸಿದವಳು ಅವಳೊಬ್ಬಳೇ.

ಸಭೆಯ ದಿನ ಬೆಳಿಗ್ಗೆ ಸಾಹೇಬರು ಹೊಸ ಕೋಟು ಹಾಕಿಕೊಂಡು ಬಂದಿದ್ದರು. ನನ್ನ ಮೇಜಿನ ಹತ್ತಿರ ಬಂದು ನಿಂತು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಕೇಳಿದರು. "ಲೆಕ್ಕ ಎಲ್ಲಾ ಸರಿ ಅದ ಹೌದಲ್ಲ? ಏನರ ಇದ್ರ ಈಗ ಹೇಳಿಬಿಡ್ರಿ."

ಅದೊಂದು ಕ್ಷಣ ನನಗಿತ್ತು. ಮೇಜಿನ ಸೆಳೆಖಾನೆಯಲ್ಲಿ ನನ್ನ ಮೂರು ತಿಂಗಳ ಹಾಳೆಗಳಿದ್ದವು. ತೆಗೆದು ಕೊಡಬಹುದಿತ್ತು. ಅವರು ಭಾಷಣ ಬದಲಿಸುತ್ತಿದ್ದರು. ಬಹುಶಃ ಆ ಹಾಳೆಗಳೂ ಅವರ ಹೆಸರಿನಲ್ಲೇ ಅಚ್ಚಾಗುತ್ತಿದ್ದವು.

"ನೀವು ಹೇಳಿಧಂಗನ ಮಾಡೀನ್ರಿ ಸರ್," ಎಂದೆ.

ಅವರು ತಲೆಯಾಡಿಸಿ ಹೋದರು.

ಸಭಾಂಗಣವೆಂದರೆ ನಮ್ಮದೇ ಉದ್ದನೆಯ ಕೋಣೆ. ಮೇಜುಗಳನ್ನು ಸರಿಸಿ ಬಾಡಿಗೆ ಕುರ್ಚಿ ಹಾಕಿದ್ದರು. ಮುಂದೆ ಸಂಘದ ಶೇಠ್‌ಗಳು, ಕಾಲೇಜುಗಳ ಕೆಲವು ಮಾಸ್ತರರು, ನಡುವೆ ದಿಲ್ಲಿಯಿಂದ ಬಂದ ವಯಸ್ಸಾದ ಗಣಿತದ ಪ್ರೊಫೆಸರು. ಮಾತೆಲ್ಲ ಇಂಗ್ಲಿಷಿನಲ್ಲಿ. ಸಾಹೇಬರು ಚೆನ್ನಾಗಿ ಮಾತಾಡಿದರು. ಹೊರಕ್ಕೆ ಹೊರಕ್ಕೆ ಬಿಚ್ಚಿಕೊಳ್ಳುವ ನನ್ನ ಸುರುಳಿಯನ್ನು ದೊಡ್ಡದಾಗಿ ಬರೆಸಿ ಗೋಡೆಗೆ ತೂಗುಹಾಕಿದ್ದರು. ಪ್ರಕೃತಿಯಲ್ಲಿ ಬೇಟೆಗಾರನಿಗೂ ಬೇಟೆಗೂ ಕೊನೆಗೆ ನಾಶವೇ ಗತಿ, ಗಣಿತ ಇದನ್ನು ಸಾಧಿಸಿದೆ ಎಂದರು. ಚಪ್ಪಾಳೆ ಬಿತ್ತು.

ಪ್ರೊಫೆಸರು ಕೂತಲ್ಲಿಂದಲೇ ಕೇಳಿದರು. "ಲೆಕ್ಕದ ಹೆಜ್ಜೆ ಎಷ್ಟು?"

"ಒಂದು ವಾರ."

"ಚಿಕ್ಕದು ಮಾಡಿ ನೋಡಿದ್ದೀರಾ?"

ಸಾಹೇಬರು ತಡವರಿಸಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿ, "ಲೆಕ್ಕವೆಲ್ಲ ಆ ಹುಡುಗಿಯದು. ಹೆಜ್ಜೆಯನ್ನೂ ಅವಳೇ ಆರಿಸಿದ್ದಾಳೆ," ಎಂದರು.

ಹೀಗೆ ಹೇಳುತ್ತಾರೆಂದು ನನಗೆ ಗೊತ್ತಿತ್ತು. ನಿಜ ಹೇಳುತ್ತೇನೆ, ಹೇಳಲಿ ಎಂದೇ ಕಾದಿದ್ದೆ. ಎದ್ದು ನಿಂತೆ.

"ಹೆಜ್ಜೆ ನಾನು ಆರಿಸಿದ್ದಲ್ಲ," ಎಂದು ಮುಂದೆ ಹೋಗಿ ಕೆಂಪು ಶಾಯಿಯ ಚೀಟಿಯನ್ನು ಪ್ರೊಫೆಸರ ಕೈಗೆ ಕೊಟ್ಟೆ. ಅದರ ಮೇಲೆ ಸೆಳೆಖಾನೆಯಿಂದ ತಂದಿದ್ದ ನನ್ನ ಹಾಳೆಗಳನ್ನಿಟ್ಟೆ. "ಇದು ದಿನದ ಹೆಜ್ಜೆ. ಇದು ಅರ್ಧ ದಿನದ್ದು. ಸುತ್ತು ಮುಚ್ಚಿಕೊಳ್ಳುತ್ತದೆ. ಗೋಡೆಯ ಮೇಲಿನದು ತಪ್ಪು."

ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ಚೀಟಿಯನ್ನು ಪಕ್ಕದ ಶೇಠ್‌ಗೆ ದಾಟಿಸಿದರು. ಆತ ಇನ್ನೊಬ್ಬರಿಗೆ. ಆ ಕೆಂಪು ಚೀಟಿ ಕೈಯಿಂದ ಕೈಗೆ ಹೋಗುವುದನ್ನು ಸಾಹೇಬರು ನೋಡುತ್ತ ನಿಂತಿದ್ದರು. ಅವರ ಮುಖ ನೋಡಿದೆ. ನೋಡಬೇಕೆಂದೇ ನೋಡಿದೆ.

ಅವರು ಕನ್ನಡದಲ್ಲಿ ಕೇಳಿದರು, ಬೇರೆಯವರಿಗೆ ತಿಳಿಯದಿರಲಿ ಎಂದು. "ನಿಮಗ ಗೊತ್ತಿತ್ತೇನು? ಗೊತ್ತಿದ್ದೂ ಮುಂಜಾನೆ ಸುಮ್ಮನ ಇದ್ರ್ಯಾ?"

ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ, ಎಲ್ಲರಿಗೂ ತಿಳಿಯಲಿ ಎಂದು. "ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡುತ್ತಾಳೆ, ಸ್ವಂತವಾಗಿ ಯೋಚಿಸುವ ಶಕ್ತಿ ಇಲ್ಲ ಎಂದು ತಾವೇ ನನ್ನ ಫೈಲಿನಲ್ಲಿ ಬರೆದಿದ್ದೀರಿ. ಹೇಳಿದ ಕೆಲಸ ಮಾಡಿದ್ದೇನೆ."

ಯಾರೋ ನಕ್ಕರು. ಸಂಘದ ಕಾರ್ಯದರ್ಶಿಯೇ ಇರಬೇಕು. ಸಾಹೇಬರು ಕಾಗದಗಳನ್ನು ಜೋಡಿಸಿಕೊಳ್ಳಲು ಹೋದರು. ಅವು ಕೆಳಗೆ ಬಿದ್ದವು. ಬಗ್ಗಿ ಆರಿಸುವಾಗ ಹೊಸ ಕೋಟು ಭುಜದ ಹತ್ತಿರ ಬಿಗಿಯಿತು. ನಾನು ಆರಿಸಿಕೊಡಲಿಲ್ಲ. ಅಷ್ಟು ಸಂತೋಷ ನನಗೆ ಆಮೇಲೆ ನನ್ನ ಮದುವೆಯಲ್ಲೂ ಆಗಿಲ್ಲ.

ಪ್ರೊಫೆಸರು ಹೋಗುವಾಗ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. ಹಾಳೆಗಳನ್ನು ವಾಪಸು ಕೊಟ್ಟು, ಕೆಲಸ ಚೊಕ್ಕವಾಗಿದೆ ಎಂದರು. ಆಮೇಲೆ ಕೇಳಿದರು. "ಸಮೀಕರಣದಲ್ಲಿ ಎರಡೂ ಉಳಿಯುತ್ತವೆ, ಭರಣಿಗಳಲ್ಲಿ ಎರಡೂ ಸಾಯುತ್ತವೆ. ಹಾಗಾದರೆ ಸಮೀಕರಣದಲ್ಲಿ ಏನು ಕೊರತೆ? ನಿಜವಾದ ಪ್ರಶ್ನೆ ಅದಲ್ಲವೇ? ನೀವು ಅದನ್ನು ಯೋಚಿಸಿದ್ದೀರಾ?"

ಯೋಚಿಸಿರಲಿಲ್ಲ. ಮೂರು ತಿಂಗಳು ನಾನು ಯೋಚಿಸಿದ್ದು ಒಬ್ಬ ಮನುಷ್ಯನ ಮುಖ ಹೇಗೆ ಬಾಡುತ್ತದೆ ಎಂಬುದನ್ನು ಮಾತ್ರ.

ಮುಂದಿನದು ಬೇಗ ನಡೆಯಿತು. ಶೇಠ್‌ಗಳಿಗೆ ಸುರುಳಿಯ ವಿಷಯ ಅರ್ಥವಾಗಲಿಲ್ಲ. ತಮ್ಮ ಹೆಸರು ಕೆಟ್ಟಿತು ಎಂಬುದು ಅರ್ಥವಾಯಿತು. ಸಾಹೇಬರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಹೋದರು. ಪ್ರಯೋಗಶಾಲೆಯನ್ನೇ ಮುಚ್ಚಿದರು. ನನ್ನ ಕೆಲಸವೂ ಹೋಯಿತು. ಅದಕ್ಕೆ ನಾನು ಸಿದ್ಧಳಾಗಿದ್ದೆ. ಎರಡು ತಿಂಗಳಲ್ಲಿ ಜೋಗೇಶ್ವರಿಯ ಒಂದು ಶಾಲೆಯಲ್ಲಿ ಗಣಿತ ಹೇಳುವ ಕೆಲಸ ಸಿಕ್ಕಿತು. ಭರಣಿಗಳ ಮುದುಕರನ್ನು ಮಾತ್ರ ಉಗ್ರಾಣದ ಗೇಟಿನಲ್ಲಿ ದಿನವಿಡೀ ನಿಲ್ಲುವ ಕೆಲಸಕ್ಕೆ ಹಾಕಿದರು. ಅವರ ನೆನಪು ನನಗೆ ಬಂದಿರಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರೇ ಚಾಳನ್ನು ಹುಡುಕಿಕೊಂಡು ಬಂದರು. ಎರಡು ಮಾಳಿಗೆ ಹತ್ತಿ ಏದುಸಿರು ಬಿಡುತ್ತಿದ್ದರು. ವೈನಿ ಚಹಾ ಕೊಟ್ಟಳು.

"ಊರಿಗಿ ಹೊಂಟೀನ್ರಿ ಬಾಯಾರ. ಗೇಟಿನಾಗ ನಿಲ್ಲಾಕ ಆಗವಲ್ದು. ಹೇಳಿ ಹೋದ್ರಾತು ಅಂತ ಬಂದ್ನಿ."

ಭರಣಿಗಳು ಏನಾದವೆಂದು ಕೇಳಿದೆ.

"ನಾನ ಬಿಸಾಕಿದ್ನಿ. ಹುಕುಮ್ ಬಂದಿತ್ತು. ಎಲ್ಲಾದ್ರಾಗೂ ಸತ್ತು ಹೋಗಿದ್ವು. ಒಂದ್ರಾಗ ಮಾತ್ರ ಎರಡೂ ಇದ್ವು. ಕರಿಯವೂ ಇದ್ವು, ರೆಕ್ಕಿಯವೂ ಇದ್ವು. ಅದನ್ನ ಚೆಲ್ಲಾಕ ಮನಸ ಬರಲಿಲ್ಲ ನೋಡ್ರಿ. ಆದ್ರೂ ಚೆಲ್ಲಿದ್ನಿ."

ನನ್ನ ಬಟ್ಟಲು ಕೆಳಗಿಟ್ಟೆ. "ಯಾವುದರಾಗ?"

"ಮೂಲ್ಯಾಗಿಂದು. ಉದ್ದಂದು. ಅದಕ್ಕ ಜೋಳ ಕಂಠಮಟ ತುಂಬಿದ್ನಿ. ರೆಕ್ಕಿಯವು ಮ್ಯಾಲಷ್ಟ ಹುಡುಕ್ತಾವ್ರಿ, ಬುಡಕ್ಕ ಇಳ್ಯಾಂಗಿಲ್ಲ. ಬುಡದಾಗ ಒಂದೀಟು ಕರಿಯವು ಉಳಕೊಂತಾವ. ಅವು ಮತ್ತ ಮ್ಯಾಲ ಬರ್ತಾವ. ಇವಕ್ಕೂ ಊಟ ಆಕ್ಕೈತಿ."

"ಎಷ್ಟು ದಿವಸದಿಂದ ಹಂಗಿದ್ವು?"

"ಎರಡ ವರ್ಷ ಆಗಿತ್ರಿ."

"ಎರಡು ವರ್ಷ! ನನಗ್ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಎಣಿಕಿ ಅಷ್ಟ ಕೇಳ್ತಿದ್ರಿ. ಅದರಾಗ ಜೋಳ ಹೆಚ್ಚಾತು ಅಂತ ಸಾಹೇಬ್ರು ಅದನ್ನ ಎಣಿಕಿಯಿಂದ ತಗಸಿಬಿಟ್ಟಿದ್ರು."

ಆ ಉದ್ದನೆಯ ಭರಣಿ ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಮೂರು ತಿಂಗಳು ಮಧ್ಯಾಹ್ನ ಮಧ್ಯಾಹ್ನ ನಾನು ಅದಕ್ಕೆ ಬೆನ್ನು ಹಾಕಿ ಕೂತಿದ್ದೆ. ಮುದುಕರು ಅಲ್ಲೇ ನೆಲದ ಮೇಲೆ ಕೂತು ಭಾಕರಿ ತಿನ್ನುತ್ತಿದ್ದರು. ನಾವು ಒಂದು ಮಾತೂ ಆಡುತ್ತಿರಲಿಲ್ಲ.

ಅವರನ್ನು ದಾದರ್ ಸ್ಟೇಷನ್ನಿನವರೆಗೆ ಬಿಟ್ಟು ಬಂದೆ. ಊರಿನ ವಿಳಾಸ ಬರೆಸಿಕೊಂಡೆ.

ಮರುದಿನದಿಂದ ಲೆಕ್ಕ ಶುರುಮಾಡಿದೆ. ಮಷೀನಿಲ್ಲ, ಪೆನ್ಸಿಲು ಮತ್ತು ಲಾಗರಿದಮ್ ಕೋಷ್ಟಕದ ಪುಸ್ತಕ ಅಷ್ಟೆ. ಬೆಳಿಗ್ಗೆ ಜೋಗೇಶ್ವರಿ ಕಡೆಗೆ ಹೋಗುವ ಲೋಕಲ್ಲಿನಲ್ಲಿ ಜನ ಕಡಿಮೆ. ಕಿಟಕಿಯ ಸೀಟು ಸಿಗುತ್ತಿತ್ತು. ಸಮೀಕರಣದಲ್ಲಿ ಒಂದೇ ಬದಲಾವಣೆ: ಒಂದಿಷ್ಟು ಹುಳ ಯಾವಾಗಲೂ ಕಣಜದ ಕೈಗೆ ಸಿಗದೆ ಉಳಿಯುತ್ತವೆ. ತೊಡೆಯ ಮೇಲಿನ ಗ್ರಾಫ್ ಪುಸ್ತಕದಲ್ಲಿ ಚುಕ್ಕೆಗಳು ಮೆಲ್ಲಗೆ ಒಳಕ್ಕೆ ತಿರುಗಿದವು. ಹೆಜ್ಜೆ ಚಿಕ್ಕದು ಮಾಡಿದೆ, ಆಗಲೂ ಒಳಕ್ಕೇ. ಸುತ್ತು ಸಣ್ಣದಾಗುತ್ತ, ಸಣ್ಣದಾಗುತ್ತ, ಹುಳ ಇಷ್ಟು, ಕಣಜ ಇಷ್ಟು ಎಂದು ಒಂದು ಕಡೆ ನಿಂತಿತು. ಬಾಂದ್ರಾ ಸ್ಟೇಷನ್ನು ಬಂದಿತ್ತು. ಎದುರಿಗೆ ಕೂತ ಬೆಸ್ತರ ಹೆಂಗಸು ಮೀನಿನ ಬುಟ್ಟಿ ಎತ್ತಿಕೊಳ್ಳುತ್ತ, "ಕಾಯ್ ಝಾಲಾ ಬಾಯಿ?" ಎಂದಳು, ಏನಾಯಿತು ಎಂದು. ನಾನು ಅಳುತ್ತಿದ್ದೆನಂತೆ.

ಆರು ಪುಟ ಬರೆದು ದಿಲ್ಲಿಯ ಪ್ರೊಫೆಸರಿಗೆ ಕಳಿಸಿದೆ. ಅವರು ತಮ್ಮ ಕಾಲೇಜಿನ ಗಣಿತ ಸಂಘದ ಸಣ್ಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಮೇಲೆ ಎರಡು ಹೆಸರು, ಮೊದಲು ಮುದುಕರದು, ಆಮೇಲೆ ನನ್ನದು. ಮುದುಕರ ಊರಿಗೆ ಒಂದು ಪ್ರತಿ ಕಳಿಸಿದೆ. ಶಾಲೆಯ ಮಾಸ್ತರರಿಂದ ಬರೆಸಿದ ಒಂದು ಕಾರ್ಡು ಬಂತು: ಪುಸ್ತಕ ಮುಟ್ಟಿತು, ಹೆಸರು ಓದಿಸಿ ಕೇಳಿದೆ, ಕೆಮ್ಮು ಹಾಗೇ ಇದೆ.

ಇನ್ನೊಂದು ಪ್ರತಿಯನ್ನು ಬೆಳಗಾವಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಯಾರೂ ಕಳಿಸು ಎಂದಿರಲಿಲ್ಲ. ಸಾಹೇಬರು ಅದನ್ನು ಸಹಿ ಮಾಡಿ ತೆಗೆದುಕೊಳ್ಳಬೇಕು, ಲಕೋಟೆ ಒಡೆಯಬೇಕು, ಭರಣಿ ತೊಳೆಯುವವರ ಹೆಸರನ್ನು ನನ್ನ ಹೆಸರಿನ ಮೇಲೆ ನೋಡಬೇಕು. ಅದಕ್ಕಾಗಿಯೇ ಕಳಿಸಿದೆ.

ಒಂದು ತಿಂಗಳ ಮೇಲೆ ಅದೇ ಪ್ರತಿ ನನಗೆ ವಾಪಸು ಬಂತು. ಪತ್ರವಿಲ್ಲ. ಮೂರನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಸುತ್ತು; ಪಕ್ಕದಲ್ಲಿ, "ಇಲ್ಲಿ ಚಿಹ್ನೆ ತಪ್ಪಿದೆ. ಕೋಷ್ಟಕ ಸರಿ ಇದೆ, ಬರೆಯುವಾಗ ತಪ್ಪಿದ್ದೀರಿ."

ಅವರ ಮಾತು ಸುಳ್ಳಾಗಲಿ ಎಂದು ಬಯಸುತ್ತ ಎರಡು ಸಂಜೆ ಕೂತು ನೋಡಿದೆ. ಸುಳ್ಳಾಗಿರಲಿಲ್ಲ. ಕಳೆಯುವ ಗುರುತು ಇರಬೇಕಾದಲ್ಲಿ ಕೂಡುವ ಗುರುತು ಹಾಕಿದ್ದೆ. ನಾನೂ ಕಂಡಿರಲಿಲ್ಲ, ಪ್ರೊಫೆಸರೂ ಕಂಡಿರಲಿಲ್ಲ. ಆ ಆರು ಪುಟಗಳನ್ನು ಅಷ್ಟು ಗಮನವಿಟ್ಟು ಓದಿದವರು ಸಾಹೇಬರೊಬ್ಬರೇ.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ತಪ್ಪನ್ನು ತೋರಿಸಿದ್ದು ಯಾರು, ಅವರಿಗೆ ಕೃತಜ್ಞತೆ ಹೇಳುವುದು ವಾಡಿಕೆಯಲ್ಲವೇ ಎಂದು ಪ್ರೊಫೆಸರು ಕಾರ್ಡು ಬರೆದು ಕೇಳಿದರು. ನಾನೇ ಕಂಡುಕೊಂಡೆ ಎಂದು ಉತ್ತರ ಬರೆದೆ.